ಆಲ್ರೆಡಿ ಮಿಸ್

ಗುಬ್ಬಿಯ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳು ನನಗೆ ಇಟ್ಟಿರುವ ಅಡ್ಡಹೆಸರು ‘ಆಲ್ರೆಡಿ ಮಿಸ್’. ಎದುರಿಗೆ ಯಾರೂ ಅನ್ನುವುದಿಲ್ಲ, ಅಷ್ಟು ಭಯ ಇನ್ನೂ ಉಳಿದಿದೆ. ಆದರೆ ಒಂದು ಸಲ ಕಾಂಪೌಂಡ್ ಗೋಡೆಯ ಹಿಂಬದಿಯಲ್ಲಿ ಯಾರೋ ಇದ್ದಿಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದನ್ನು ಕಣ್ಣಾರೆ ಓದಿದೆ. ಸ್ಪೆಲ್ಲಿಂಗ್ ಸರಿಯಾಗಿತ್ತು. ಅದಕ್ಕೇ ಅಳಿಸಲು ಹೇಳಲಿಲ್ಲ.

ಆ ಹೆಸರು ಬಂದದ್ದು ನನ್ನದೇ ಹಟದಿಂದ. ‘ಆಲ್ರೆಡಿ’ ಅನ್ನುವುದು ಒಂದೇ ಪದ, ಅದರಲ್ಲಿ ಎಲ್ ಅಕ್ಷರ ಒಂದೇ, ಅರ್ಥ ‘ಈಗಾಗಲೇ’. ‘ಆಲ್ ರೆಡಿ’ ಅನ್ನುವುದು ಎರಡು ಬಿಡಿ ಪದ, ಎರಡು ಎಲ್, ಅರ್ಥ ‘ಎಲ್ಲ ತಯಾರು’. ಬಾಯಲ್ಲಿ ಹೇಳಿದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಬರೆದಾಗಲೇ ಬಣ್ಣ ಬಯಲಾಗುವುದು. ಇಪ್ಪತ್ತಾರು ವರ್ಷದಿಂದ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಾ ಬಂದಿದ್ದೇನೆ. ಒಂದು ಎಲ್ ಹೆಚ್ಚಾದರೆ ಅರ್ಧ ಮಾರ್ಕು ಹೋಯಿತು, ಒಂದು ಎಲ್ ಕಡಿಮೆಯಾದರೂ ಅರ್ಧ ಮಾರ್ಕು ಹೋಯಿತು. ಹೆಡ್‌ಮಾಸ್ಟರು ಒಂದು ಸಲ, “ಬಿಡಿ ಮೇಡಂ, ಒಂದು ಅಕ್ಷರಕ್ಕೆ ಮಗೂನ ಯಾಕೆ ಅಳಿಸ್ತೀರ” ಅಂದರು. “ನಿಮ್ಮ ಸಂಬಳದಲ್ಲಿ ಒಂದು ಸೊನ್ನೆ ಬಿಟ್ಟುಹೋದ್ರೆ ಸುಮ್ನಿರ್ತೀರಾ ಸಾರ್” ಅಂದೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಇಷ್ಟು ಜಂಬ ಕೊಚ್ಚಿಕೊಳ್ಳುವುದಕ್ಕೆ ಕಾರಣ ಇದೆ. ನನ್ನ ಜೀವನದಲ್ಲಿ ಆದ ದೊಡ್ಡ ಮೋಸ ಈ ಒಂದು ಎಲ್‌ನ ಒಳಗೇ ಅಡಗಿ ಕೂತಿತ್ತು. ಎಲ್ಲರ ತಪ್ಪು ಹಿಡಿಯುವ ನನಗೆ ಅದು ಕಾಣಲಿಲ್ಲ.

ಅವಳು ನಮ್ಮ ಶಾಲೆಗೆ ಬಂದಾಗ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ಕುಣಿಗಲ್ ತಾಲ್ಲೂಕಿನವಳು, ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಊರು. ಕನ್ನಡ ಮೀಡಿಯಂನಲ್ಲಿ ಓದಿ, ಇಂಗ್ಲಿಷ್ ಎಂ.ಎ. ಮಾಡಿಕೊಂಡು, ಎಂಟನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡಲು ಟೆಂಪರರಿಯಾಗಿ ಸೇರಿದ್ದಳು. ನಾನು ಒಂಬತ್ತು, ಹತ್ತಕ್ಕೆ. ಮೊದಲನೇ ವಾರವೇ ಸ್ಟಾಫ್ ರೂಮಿನಲ್ಲಿ “ಐ ಆಮ್ ಆಲ್ರೆಡಿ ಕಮಿಂಗ್ ಟುಮಾರೋ ಮೇಡಂ” ಅಂದಳು. ನಾನು ಕನ್ನಡಕದ ಮೇಲಿಂದ ನೋಡಿದೆ. ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಇವಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ತಪ್ಪು ಅಂತ ನಿಮ್ ಕಣ್ಣೇ ಹೇಳ್ತಿದೆ. ಯಾಕ್ ತಪ್ಪು ಅಂತ ನೀವ್ ಹೇಳಿ” ಅಂದಳು. ಅಲ್ಲೇ ನನಗೆ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತು.

ನನ್ನ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಅವಳು ಎರಡು ರಸ್ತೆ ಆಚೆ ಒಂದು ರೂಮು ಬಾಡಿಗೆಗೆ ಹಿಡಿದಳು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಒಟ್ಟಿಗೆ ಹೋಗಿ ಗುಬ್ಬಿ ಬಸ್ಸು ಹತ್ತುತ್ತಿದ್ದೆವು. ಸಂಜೆ ಒಟ್ಟಿಗೇ ವಾಪಸ್ಸು. ಶಾಲೆಯ ಗೇಟಿನೊಳಗೆ ನಾನು ಅವಳಿಗೆ ‘ಮೇಡಂ’. ಗೇಟು ದಾಟಿ ಬಸ್ಸು ಹತ್ತಿದ ಕೂಡಲೇ ‘ಅಕ್ಕ’. ಹೀಗೆ ಏಳು ವರ್ಷ. ನನಗೆ ಒಡಹುಟ್ಟಿದವರು ಯಾರೂ ಇಲ್ಲ. ದಿನಕ್ಕೆ ಎರಡು ಹೊತ್ತು ಆ ಬಸ್ಸಿನಲ್ಲಿ ಮಾತ್ರ ನಾನು ಯಾರಿಗೋ ಅಕ್ಕ ಆಗಿದ್ದೆ.

ಪುಸ್ತಕ ಹುಟ್ಟಿದ್ದು ಆ ಬಸ್ಸಿನಲ್ಲೇ. ನನ್ನ ಹತ್ತಿರ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇತ್ತು, ಮೇಲೆ ‘ಸಣ್ಣ ಪದಗಳು’ ಅಂತ ಬರೆದಿದ್ದೆ. ನಮ್ಮ ಮಕ್ಕಳು ದೊಡ್ಡ ಪದಗಳನ್ನು ಹೇಗೋ ಉರು ಹೊಡೆಯುತ್ತಾರೆ. ಮುಗ್ಗರಿಸುವುದು ಆಲ್ರೆಡಿ, ಓನ್ಲಿ, ಸ್ಟಿಲ್, ಈವನ್, ಜಸ್ಟ್ ಇಂಥವುಗಳ ಮೇಲೆ. ಒಂದೊಂದು ಪದಕ್ಕೆ ಎರಡೆರಡು ಪುಟ: ಅರ್ಥ ಏನು, ಎಲ್ಲಿಂದ ಬಂತು, ವಾಕ್ಯದಲ್ಲಿ ಎಲ್ಲಿ ಕೂರುತ್ತದೆ, ಕನ್ನಡದಲ್ಲಿ ಅದನ್ನು ನಾವು ಹೇಗೆ ಅನ್ನುತ್ತೇವೆ, ಎಲ್ಲಿ ಎಡವುತ್ತೇವೆ. ಉದಾಹರಣೆಗಳೆಲ್ಲ ನಮ್ಮ ಸೀಮೆಯವು. ಲಂಡನ್ನಿನ ಟಾಮ್ ಡಿಕ್ಕನ್ನು ಕಟ್ಟಿಕೊಂಡು ನಮ್ಮ ಮಕ್ಕಳಿಗೇನಾಗಬೇಕು? ಮಲ್ಲಸಂದ್ರದಲ್ಲಿ ಹತ್ತುವ ಹೂವಿನವಳು, ಹೆಗ್ಗೆರೆಯಲ್ಲಿ ಇಳಿಯುವ ನರ್ಸು, “ಆಲ್ರೆಡಿ ಫುಲ್ಲು, ಹಿಂದ್ಗಡೆ ಬಸ್ ಬತ್ತೈತೆ ಬುಡಿ” ಅನ್ನುವ ಕಂಡಕ್ಟರು, ಎಲ್ಲರೂ ಅದರೊಳಗೆ ಬಂದು ಕೂತಿದ್ದರು.

ಬರೆಯುವಾಗ ನನಗಿದ್ದದ್ದು ಒಂದೇ ಆಸೆ. ನಮ್ಮ ವಂಶದಲ್ಲಿ ಯಾರ ಹೆಸರೂ ಮದುವೆ ಕಾರ್ಡಿನಲ್ಲಿ ಬಿಟ್ಟರೆ ಇನ್ನೆಲ್ಲೂ ಅಚ್ಚಾಗಿರಲಿಲ್ಲ. ರಿಟೈರ್ ಆಗುವ ಮೊದಲು ಒಂದು ಪುಸ್ತಕದ ರಟ್ಟಿನ ಮೇಲೆ ನನ್ನ ಹೆಸರು ನೋಡಬೇಕು. ಬೇರೆ ಏನೂ ಬೇಕಿರಲಿಲ್ಲ. ಈ ಆಸೆಯನ್ನು ಮನೆಯವರಿಗೂ ಹೇಳಿರಲಿಲ್ಲ, ನಗುತ್ತಾರೆ ಅಂತ. ಅವಳೊಬ್ಬಳಿಗೆ ಹೇಳಿದ್ದೆ.

ಆಲ್ರೆಡಿಯ ಪುಟ ಬರೆದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಡಿಕ್ಷನರಿ ನೋಡಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ಅವಳಿಗೆ ಪಾಠ ಶುರು ಮಾಡಿದೆ. ಈ ಪದ ಹಿಂದೆ ಒಂದು ಪದವಾಗಿರಲಿಲ್ಲ, ‘ಆಲ್’ ಮತ್ತು ‘ರೆಡಿ’ ಅಂತ ಎರಡಾಗಿದ್ದವು, ‘ಪೂರ್ತಿ ತಯಾರು’ ಅಂತಲೇ ಅರ್ಥ. ಜನ ನೂರಾರು ವರ್ಷ ಬಾಯಲ್ಲಿ ಹೊರಳಿಸಿ ಹೊರಳಿಸಿ ಎರಡನ್ನೂ ಅಂಟಿಸಿಬಿಟ್ಟರು. ಅಂಟಿದ ಮೇಲೆ ಅರ್ಥವೂ ಜರುಗಿತು. ತಯಾರಾಗಿದೆ ಅನ್ನುವುದು ಆಗಿಯೇ ಹೋಗಿದೆ ಅನ್ನುವ ಕಡೆಗೆ ವಾಲಿತು. ‘ರೆಡಿ’ ಅನ್ನುವುದಕ್ಕೂ ‘ರೈಡ್’ ಅನ್ನುವುದಕ್ಕೂ ಹಳೆಯ ನಂಟು, ಸವಾರಿಗೆ ಸಿದ್ಧವಾಗಿರುವುದು ಅನ್ನುವುದೇ ಮೂಲ ಅಂತ ಕೆಲವರು ಹೇಳುತ್ತಾರೆ ಅಂದೆ.

ಅವಳು ಕಿಟಕಿಯಾಚೆ ನೋಡುತ್ತಿದ್ದವಳು ಥಟ್ಟನೆ ತಿರುಗಿದಳು. “ನಮ್ ಕುಣಿಗಲ್ ಕುದುರೆ ಅಕ್ಕ! ಜೀನು ಬಿಗ್ದು ನಿಲ್ಸಿದ್ರೆ ಆಲ್ ರೆಡಿ. ಓಡೋದ್ಮೇಲೆ ಆಲ್ರೆಡಿ. ಅಷ್ಟೇ ತಾನೆ?”

ಕುಣಿಗಲ್‌ನಲ್ಲಿ ಕುದುರೆ ಫಾರಂ ಇದೆ, ಆ ಕಡೆಯ ಮಕ್ಕಳು ಕುದುರೆ ನೋಡುತ್ತಲೇ ಬೆಳೆಯುತ್ತಾರೆ. ಇಪ್ಪತ್ತು ವರ್ಷ ಎಲ್ ಎಣಿಸಿಕೊಂಡು ಗಂಟಲು ಹರಿದುಕೊಂಡಿದ್ದೆ, ಇವಳು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ನನಗೆ ಖುಷಿ ತಡೆಯಲಾಗಲಿಲ್ಲ. ಅಲುಗಾಡುವ ಬಸ್ಸಿನಲ್ಲೇ ಆ ಮಾತನ್ನು ಪುಟದ ನೆತ್ತಿಯ ಮೇಲೆ ಸೊಟ್ಟಸೊಟ್ಟಗೆ ಬರೆದುಕೊಂಡೆ. “ಇದು ನಿನ್ ಮಾತು ಕಣೇ, ಪುಸ್ತಕದಲ್ಲಿ ಹಂಗಂತಲೇ ಹಾಕ್ತೀನಿ” ಅಂದೆ. “ಅಯ್ಯೋ ಬಿಡಿ ಅಕ್ಕ” ಅಂತ ನಾಚಿಕೊಂಡಳು.

ಉಳಿದದ್ದು ನನ್ನದು. ‘ಹ್ಯಾಸ್’ ಮತ್ತು ‘ಗಾನ್’ ನಡುವೆ ಆಲ್ರೆಡಿ ಕೂರುವುದನ್ನು, ಗಂಡ ಹೆಂಡತಿ ಕೂತ ಸೀಟಿನ ಮಧ್ಯೆ ಅತ್ತೆ ಜಾಗ ಮಾಡಿಕೊಂಡ ಹಾಗೆ ಅಂತ ಬರೆದಿದ್ದೆ. ನಮ್ಮ ಮಕ್ಕಳು ಅತ್ತೆಯನ್ನು ಎತ್ತಿ ಬಾಗಿಲಲ್ಲಿ ಕೂರಿಸುತ್ತಾರೆ: “ಆಲ್ರೆಡಿ ಐ ಫಿನಿಶ್ಡ್ ಮಿಸ್!” ಅದಕ್ಕೆ ಕಾರಣ ಕನ್ನಡ. “ಆಲ್ರೆಡಿ ಮುಗ್ಸಿದೀನಿ” ಅಂತ ನಾವು ಅದನ್ನು ಮುಂದೆಯೇ ನಿಲ್ಲಿಸಿಕೊಳ್ಳುತ್ತೇವೆ. ಈಗ ಈ ಪದ ನಮ್ಮದೇ ಆಗಿಹೋಗಿದೆ. ಬೆಳ್ಳಾವಿಯ ನನ್ನ ಸೋದರತ್ತೆ ಹೆಬ್ಬೆಟ್ಟಿನವಳು, ಅವಳೂ “ಆಲ್ರೆಡಿ ಮುದ್ದೆ ತಿರುವಿ ಇಟ್ಟಿವ್ನಿ, ಉಣ್ಣು ಬಾ” ಅನ್ನುತ್ತಾಳೆ.

ಕನ್ನಡದ ‘ಈಗಾಗಲೇ’ ಬಗ್ಗೆಯೂ ಅರ್ಧ ಪುಟ ಇತ್ತು. ‘ಈಗ’ ಮತ್ತು ‘ಆಗ’ ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದವರು ನಾವು. ಇನ್ನು ಬರೀ ‘ಆಗಲೇ’ ಅಂದರೆ ಎರಡು ಅರ್ಥ. “ಆಗಲೇ ಬಂದ್ಲು” ಅಂದರೆ ಅವಳು ಈಗಾಗಲೇ ಬಂದಾಯಿತು. “ಆಗಲೇ ಹೇಳ್ಬೇಕಿತ್ತು” ಅಂದರೆ ಆ ಹೊತ್ತಿನಲ್ಲೇ ಹೇಳಬೇಕಾಗಿತ್ತು, ನೀನು ಹೇಳಲಿಲ್ಲ. ಇಂಗ್ಲಿಷಿನ ಆಲ್ರೆಡಿ ಈ ಎರಡನೇ ಕೆಲಸ ಮಾಡುವುದಿಲ್ಲ, ಮಕ್ಕಳೇ ಎಚ್ಚರ, ಅಂತ ಕೆಳಗೆ ಗೆರೆ ಎಳೆದಿದ್ದೆ. ಆ ಎರಡನೇ ವಾಕ್ಯ ಯಾವತ್ತೋ ನನ್ನ ಬಾಯಲ್ಲೇ ಬರಬೇಕಾಗುತ್ತದೆ ಅಂತ ಬರೆಯುವಾಗ ಗೊತ್ತಿರಲಿಲ್ಲ.

ನಲವತ್ತು ಪದ ಆದವು. ಹೋದ ವರ್ಷ ದಸರಾ ರಜೆಗೆ ಮುಂಚೆ ಅವಳೇ, “ಅಕ್ಕ, ನೋಟ್‌ಬುಕ್ ಕೊಡಿ. ರಜೇಲಿ ಊರಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಟೈಪ್ ಮಾಡ್ಕೊಡ್ತೀನಿ. ನಿಮ್ ಕಣ್ಣಿಗೆ ಯಾಕ್ ತೊಂದ್ರೆ” ಅಂದಳು. ನನಗೆ ಆ ಹೊತ್ತಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಝೆರಾಕ್ಸ್ ಮಾಡಿಸಿಟ್ಟುಕೊಳ್ಳೋಣ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಛೆ, ಇವಳಿಗೆ ಕೊಡುವುದಕ್ಕೆ ಝೆರಾಕ್ಸ್ ಬೇರೆ ಕೇಡು ಅಂದುಕೊಂಡೆ. ಅರಿಶಿನ ಕುಂಕುಮದ ಕವರಿನಲ್ಲೇ ಹಾಕಿ ಕೊಟ್ಟೆ.

ದಸರಾ ಹೋಯಿತು, ದೀಪಾವಳಿ ಹೋಯಿತು. ಕೇಳಿದಾಗಲೆಲ್ಲ “ಇನ್ನೊಂದ್ ಸ್ವಲ್ಪ ಇದೆ ಅಕ್ಕ” ಅನ್ನುತ್ತಿದ್ದಳು. ಸಂಕ್ರಾಂತಿ ಮುಗಿಸಿ ಊರಿಂದ ಬಂದಾಗ ಬಸ್ಸಿನಲ್ಲಿ ನನ್ನ ಕೈಗೆ ಎಳ್ಳು ಬೆಲ್ಲದ ಪೊಟ್ಟಣ ಇಟ್ಟು, “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಕ್ಕ” ಅಂದಳು. ಆ ವಾರವೇ ಒಂದು ಸಂಜೆ ವಾಟ್ಸಾಪಿನಲ್ಲಿ ಕೇಳಿದೆ, ಇಂಗ್ಲಿಷಿನಲ್ಲಿ, ಸರಿಯಾಗಿ ಎರಡು ಪದ ಎರಡು ಎಲ್ ಹಾಕಿ: “ಬುಕ್ ಆಲ್ ರೆಡಿ?”

ಉತ್ತರ ಬಂತು, ಒಂದೇ ಪದ: “ಆಲ್ರೆಡಿ.”

ಒಂದೇ ಎಲ್. ನನಗೆ ನಗು ಬಂತು. ಏಳು ವರ್ಷ ಹೇಳಿಕೊಟ್ಟರೂ ಹಾಳಾದವಳು ಎಲ್ ನುಂಗಿದ್ದಾಳಲ್ಲ ಅಂತ. ತಕ್ಷಣ ಬರೆದೆ: “ಎರಡು ಪದ ಕಣಮ್ಮ. ಎರಡು ಎಲ್.” ಸ್ವಲ್ಪ ಹೊತ್ತು ಏನೋ ಬರೆಯುತ್ತಿದ್ದಾಳೆ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕೊನೆಗೆ ಬಂದದ್ದು ಕೈಮುಗಿದ ಚಿತ್ರ ಒಂದು. ಶಿಷ್ಯೆ ತಪ್ಪೊಪ್ಪಿಕೊಂಡಳು ಅಂತ ಬೀಗುತ್ತಾ ಸಾರಿಗೆ ಒಗ್ಗರಣೆ ಹಾಕಲು ಹೋದೆ.

ಮಾರನೇ ದಿನ, ಪಬ್ಲಿಷರಿಗೆ ಕೊಟ್ಟಿದ್ದೇನೆ, ಅವರು ನೋಡುತ್ತಿದ್ದಾರೆ ಅಂದಳು. ಮಾರ್ಚಿನಲ್ಲೂ ನೋಡುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಕುಣಿಗಲ್‌ನ ಒಂದು ಶಾಲೆಯಲ್ಲಿ ತನಗೆ ಪರ್ಮನೆಂಟ್ ಕೆಲಸ ಸಿಕ್ಕಿದೆ, ಮನೆಗೂ ಹತ್ತಿರ ಅಂತ ತಿಳಿಸಿದಳು. ನಾನು ಬಸ್ಸಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಒಂದು ಮೈಸೂರು ಸಿಲ್ಕ್ ಸೀರೆ ಕೊಟ್ಟೆ, ನನ್ನ ಮಗಳಿಗೆ ಅಂತ ಎತ್ತಿಟ್ಟಿದ್ದು. ಅವಳೂ ಅತ್ತಳು. ಆ ಅಳು ಯಾತಕ್ಕೆ ಅಂತ ಈಗ ಎಷ್ಟು ಸಲ ಯೋಚಿಸಿದ್ದೇನೋ.

ಜೂನ್‌ನಲ್ಲಿ ಶಾಲೆ ಶುರುವಾದ ಎರಡನೇ ವಾರ, ಪಬ್ಲಿಷರ ಕಡೆಯವನೊಬ್ಬ ಸ್ಟಾಫ್ ರೂಮಿಗೆ ಸ್ಯಾಂಪಲ್ ಪುಸ್ತಕಗಳ ಕಟ್ಟು ತಂದಿಟ್ಟ. ವರ್ಷವೂ ಬರುತ್ತಾನೆ, ಗೈಡು, ಗ್ರಾಮರು, ಪ್ರಶ್ನೆಪತ್ರಿಕೆ. ಮೇಲಿನದನ್ನು ತೆಗೆದೆ. ಹಳದಿ ರಟ್ಟು. ‘ಸಣ್ಣ ಪದಗಳು’. ಕೆಳಗೆ ಅವಳ ಹೆಸರು, ಎಂ.ಎ., ಬಿ.ಎಡ್.

ಮೊದಲು ನನಗೆ ಸಂತೋಷವಾಯಿತು ಅಂದರೆ ನೀವು ನಂಬುವುದಿಲ್ಲ. ಬಂತು, ಪುಸ್ತಕ ಬಂತು ಅಂತ. ನನ್ನ ಹೆಸರು ಒಳಗಿರಬಹುದು ಅಂತ ತಿರುಗಿಸಿದೆ. ಅರ್ಪಣೆ ಅವಳ ತಾಯಿಗೆ. ಕೃತಜ್ಞತೆಯ ಪುಟದಲ್ಲಿ ಕೊನೆಯ ಸಾಲು: ‘ಕರಡು ತಿದ್ದಿಕೊಟ್ಟ ಹಿರಿಯ ಸಹೋದ್ಯೋಗಿಗಳಿಗೆ ವಂದನೆ.’ ಹೆಸರಿಲ್ಲ. ಅದೂ ಬಹುವಚನ. ನಲವತ್ತು ಪದಕ್ಕೆ ಏಳು ವರ್ಷ ತೆತ್ತು, ಕೊನೆಗೆ ಕರಡು ತಿದ್ದಿದ ಗುಂಪಿನಲ್ಲಿ ಒಬ್ಬಳಾಗಿದ್ದೆ.

ಹೂವಿನವಳು ಇದ್ದಳು, ನರ್ಸು ಇದ್ದಳು, ಕಂಡಕ್ಟರು ಇದ್ದ. ಸೀಟಿನ ಮಧ್ಯೆ ಅತ್ತೆ ಕೂತಿದ್ದಳು. ನನ್ನ ಸೋದರತ್ತೆಯ ಮುದ್ದೆ ಕೂಡ ಇತ್ತು. ಆಲ್ರೆಡಿಯ ಪುಟದ ನೆತ್ತಿ ಮಾತ್ರ ಖಾಲಿ. ಕುದುರೆಯ ಮಾತು ಇರಲಿಲ್ಲ. ಇಡೀ ಪುಸ್ತಕದಲ್ಲಿ ನಿಜಕ್ಕೂ ಅವಳದ್ದು ಅನ್ನುವ ಒಂದೇ ಒಂದು ಮಾತು, ಅದನ್ನೇ ಕಿತ್ತುಹಾಕಿದ್ದಳು.

ಆಮೇಲೆ ಅಚ್ಚಿನ ವಿವರ ಇರುವ ಪುಟ ತೆಗೆದು ತಿಂಗಳು ನೋಡಿದೆ. ಡಿಸೆಂಬರ್. ನಾನು ಮೆಸೇಜು ಹಾಕಿದ್ದು ಸಂಕ್ರಾಂತಿಯ ವಾರ, ಜನವರಿ. ನಾನು ‘ಎಲ್ಲ ತಯಾರಾ?’ ಅಂತ ಕೇಳಿದಾಗ ಪುಸ್ತಕ ಅಚ್ಚಾಗಿ ಹೊರಗೆ ಬಂದಾಗಿತ್ತು. ಅವಳು ‘ಈಗಾಗಲೇ’ ಅಂದಿದ್ದಳು. ಒಂದೇ ಪದ, ಒಂದೇ ಎಲ್. ಅಕ್ಷರ ಅಕ್ಷರ ಸರಿ. ನಾನು ತಪ್ಪು ಅಂತ ಸುತ್ತು ಹಾಕಿದ್ದೆ.

ಆ ದಿನ ಕ್ಲಾಸಿಗೆ ಹೋಗಲಿಲ್ಲ. ತಲೆನೋವು ಅಂದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು, ಯಾರೋ ಬಂದು ಕೂತರು, ಅವರನ್ನು ಕಂಡರೂ ಸಿಟ್ಟು ಬಂತು. ನಂಬಿಸಿ ಕತ್ತು ಕುಯ್ದಳು ಅನ್ನುವುದನ್ನು ಜನ ಎಷ್ಟು ಸಲೀಸಾಗಿ ಹೇಳಿಬಿಡುತ್ತಾರೆ. ನನಗೆ ಕತ್ತಿನಲ್ಲಿ ನಿಜವಾಗಿ ನೋವಿತ್ತು. ಫೋನು ಮಾಡಿದೆ, ಎತ್ತಲಿಲ್ಲ. ಮೂರು ದಿನ ಎತ್ತಲಿಲ್ಲ. ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ, ಅಲ್ಲಿಂದ ಹುತ್ರಿದುರ್ಗದ ಬಸ್ಸು.

ಅವಳ ಮನೆಗೆ ಹಿಂದೆ ಒಂದು ಸಲ ಅವರೆಕಾಯಿ ಕಾಲದಲ್ಲಿ ಹೋಗಿದ್ದೆ, ದಾರಿ ಗೊತ್ತಿತ್ತು. ಬಾಗಿಲಲ್ಲಿ ಅವಳ ತಾಯಿ ಹುರುಳಿ ಕೇರುತ್ತಾ ಕೂತಿದ್ದರು. ಮೊರ ಪಕ್ಕಕ್ಕಿಟ್ಟು ಎದ್ದೇಬಿಟ್ಟರು. “ಬನ್ನಿ ಮೇಡಮ್ಮಾ, ಬನ್ನಿ, ಕುಂತ್ಕಳಿ. ಮಗ್ಳು ಮಿಲ್‌ಗೋಗವ್ಳೆ, ಇಟ್ಟು ಮಾಡ್ಸ್ಕಂಡ್ ಬತ್ತಾಳೆ. ನೀವ್ ಬತ್ತೀರ ಅಂತ ಯೋಳ್ನೇ ಇಲ್ವಲ್ಲ!”

“ಅವಳಿಗೂ ಗೊತ್ತಿಲ್ಲಮ್ಮ” ಅಂದೆ.

ಅವರು ಕೈ ಹಿಡಿದು ದೇವರ ಗೂಡಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ದೀಪದ ಪಕ್ಕ ಹಳದಿ ರಟ್ಟಿನ ಪುಸ್ತಕ, ಮೇಲೆ ಕುಂಕುಮ. “ಸಂಕ್ರಾಂತಿ ದಿನ ತಂದು ನನ್ ಮಡ್ಲಿಗಾಕುದ್ಲು ಕಣವ್ವ. ಎಳ್ಳು ಬೆಲ್ಲದ್ ಜೊತೀಗಿಕ್ಕಿ ಪೂಜೆ ಮಾಡುದ್ವಿ. ನಂಗೆ ಓದಕ್ ಬರಾಕಿಲ್ಲ. ಆದ್ರೆ ನನ್ನೆಸ್ರು ಅದ್ರಾಗೈತಂತೆ. ಎಲ್ಲಾ ನಿಮ್ಮಿಂದ್ಲೇ ಅಂತ ದಿನಾ ಅಂತಾಳೆ. ನೀವು ತಿದ್ದಿ ತಿದ್ದಿ ಕೊಟ್ರಂತೆ.”

ಸಂಕ್ರಾಂತಿಯ ದಿನ. ಆ ಎಳ್ಳು ಬೆಲ್ಲದ ಪೊಟ್ಟಣವೇ ನನ್ನ ಕೈಗೂ ಬಂದಿತ್ತು. ಇದು ನನ್ನ ಪುಸ್ತಕ ಅನ್ನಲು ಬಾಯಿ ತೆರೆದೆ. ಓದು ಬಾರದ ಆ ತಾಯಿಯ ಹೆಸರು ಅಚ್ಚಾಗಿದ್ದ ಪುಟದ ಮೇಲೆ ಕುಂಕುಮದ ಗುರುತಿತ್ತು. ನಾನು “ಹೌದಮ್ಮ, ತಿದ್ದಿದ್ದು ನಾನೇ” ಅಂದೆ. ಬಸ್ಸಾರು ಮುದ್ದೆ ಇಟ್ಟರು. ಉಂಡೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ನನ್ನ ಮನೆಯಲ್ಲಿ ಏಳು ವರ್ಷ ಉಂಡವಳ ಮನೆಯಲ್ಲಿ ಕೂತು ಆ ಗಾದೆ ನೆನೆಸಿಕೊಂಡವಳು ನಾನು.

ಅವಳು ಹಿಟ್ಟಿನ ಡಬ್ಬ ಸೊಂಟದಲ್ಲಿಟ್ಟುಕೊಂಡು ಬಂದಳು. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಮುಖದ ತುಂಬ ರಾಗಿ ಹಿಟ್ಟಿನ ಧೂಳು. “ಮೇಡಂ” ಅಂದಳು. ಶಾಲೆಯ ಗೇಟಿನೊಳಗಿನ ಮಾತು, ಅವಳ ಊರಿನಲ್ಲಿ, ಅವಳ ಮನೆಯೊಳಗೆ. ಪುಸ್ತಕ ನೋಡಿದಾಗ ಆದದ್ದಕ್ಕಿಂತ ಹೆಚ್ಚು ನೋವು ನನಗೆ ಆಗಲೇ ಆಯಿತು.

ಬಸ್‌ಸ್ಟಾಪಿನ ತನಕ ಬರುತ್ತೇನೆ ಅಂತ ಜೊತೆಗೆ ಹೊರಟಳು. ಬೆಟ್ಟದ ಮೇಲಿನ ಕೋಟೆಯ ಗೋಡೆ ಬಿಸಿಲಿಗೆ ಕಾಣುತ್ತಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆಯನ್ನು ಆಲ್ರೆಡಿಗೆ ಉದಾಹರಣೆ ಅಂತ ಬರೆದಿದ್ದೆ, ಅದೂ ಈಗ ಅವಳ ಪುಸ್ತಕದಲ್ಲಿದೆ.

“ಯಾಕೆ ಹಿಂಗ್ ಮಾಡ್ದೆ?” ಅಂದೆ.

“ಪರ್ಮನೆಂಟ್ ಪೋಸ್ಟಿಗೆ ಇಂಟರ್‌ವ್ಯೂ ಇತ್ತು ಮೇಡಂ. ಪುಸ್ತಕ ಬರ್ದಿರೋರು ಅಂದ್ರೆ ತಗೋತಾರೆ ಅಂತ ಹೇಳಿದ್ರು. ಇಬ್ರ ಹೆಸ್ರು ಹಾಕ್ಸಿದ್ರೆ ನಿಮ್ದು ಅಂತಾನೇ ಆಗ್ತಿತ್ತು. ನೀವು ದೊಡ್ಡೋರು. ದೊಡ್ಡೋರ ಪಕ್ಕ ನನ್ ಹೆಸ್ರು ಯಾರಿಗ್ ಕಾಣ್ಸುತ್ತೆ? ಏಳು ವರ್ಷ ಟೆಂಪರರಿ ಆಗೇ ಇದ್ನಲ್ಲ ಮೇಡಂ.”

“ನನ್ನ ಒಂದ್ ಮಾತು ಕೇಳಿದ್ರೆ ನಿನ್ ಹೆಸ್ರೇ ಮೇಲ್ ಹಾಕ್ಸ್ತಿದ್ದೆ.”

ಹಾಕಿಸುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ರಟ್ಟಿನ ಮೇಲೆ ನನ್ನ ಹೆಸರು ನೋಡುವ ಆಸೆ ಸಣ್ಣದಾಗಿರಲಿಲ್ಲ. ಆದರೆ ಆ ರಸ್ತೆಯಲ್ಲಿ ನಿಂತು ಹೇಳುವಾಗ ಅದು ನಿಜವೇ ಆಗಿತ್ತು. ಅವಳು ತಲೆ ತಗ್ಗಿಸಿ ಚಪ್ಪಲಿಯಲ್ಲಿ ಮಣ್ಣು ಕೆರೆಯುತ್ತಿದ್ದಳು.

“ಆಗಲೇ ಹೇಳ್ಬೇಕಿತ್ತು ಕಣೇ” ಅಂದೆ.

“ಹೇಳಿದ್ದೆ ಮೇಡಂ.” ತಲೆ ಎತ್ತಿದಳು. “ಸಂಕ್ರಾಂತಿ ಆದ್ಮೇಲೆ ಕೇಳಿದ್ರಲ್ಲ ಮೆಸೇಜಲ್ಲಿ. ಅವತ್ತು ಹೇಳ್ಬಿಡ್ಬೇಕು ಅಂತ್ಲೇ ಆಲ್ರೆಡಿ ಅಂತ ಹಾಕ್ದೆ. ನೀವೇ ಯಾಕೆ ಹೆಂಗೆ ಅಂತ ಕೇಳ್ತೀರ, ಎಲ್ಲಾ ಹೇಳ್ಬಿಡೋಣ ಅಂತ ಫೋನ್ ಹಿಡ್ಕೊಂಡು ಕೂತಿದ್ದೆ. ನೀವು ಸ್ಪೆಲ್ಲಿಂಗ್ ತಪ್ಪು ಅಂದ್ರಿ.”

ಒಂದು ಪದದ ಹಿಂದೆ ಬಚ್ಚಿಟ್ಟುಕೊಂಡು ತಪ್ಪೊಪ್ಪಿಕೊಳ್ಳುವುದು ಯಾವ ನ್ಯಾಯ? ಕಳ್ಳಿ ಬಂದು ಬಾಗಿಲು ತಟ್ಟಿದ್ದಳು, ನಾನು ತಟ್ಟಿದ ಶಬ್ದದಲ್ಲಿ ವ್ಯಾಕರಣ ದೋಷ ಹುಡುಕಿದೆ ಅನ್ನುವುದೂ ಸರಿ. ಆದರೆ ಮತ್ತೆ ತಟ್ಟಬಹುದಿತ್ತಲ್ಲ? ಫೆಬ್ರವರಿ ಇತ್ತು, ಮಾರ್ಚ್ ಇತ್ತು, ದಿನಕ್ಕೆರಡು ಸಲ ಪಕ್ಕದ ಸೀಟಿನಲ್ಲಿ ನಾನಿದ್ದೆ. ಸೀರೆ ಕೊಟ್ಟು ಕಳಿಸಿದ ದಿನ ಇತ್ತು. ಅವಳು ಹೇಳಿದ್ದು ನಿಜವೇ ಇರಬಹುದು, ಆದರೆ ನನ್ನ ತಿದ್ದುಪಡಿ ಅವಳಿಗೆ ಬಹಳ ಅನುಕೂಲಕ್ಕೆ ಬಂತು. ಇದನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ನನಗಿಲ್ಲ.

ಬಸ್ಸು ಬರುವುದು ಕಂಡಿತು. ಒಂದೇ ಪ್ರಶ್ನೆ ಉಳಿದಿತ್ತು. “ಕುದುರೆ ಮಾತು ಯಾಕ್ ತೆಗ್ದೆ?”

ಅವಳು ಮೊದಲ ಸಲ ತಡವರಿಸಿದಳು. “ಅದು... ನಮ್ಮೂರ್ ಕಡೆ ಮಾತು ಮೇಡಂ. ನಂದು. ಇಂಗ್ಲಿಷ್ ಪುಸ್ತಕಕ್ಕೆ ಚೆನ್ನಾಗಿರಲ್ಲ ಅನ್ನಿಸ್ತು. ಯಾರಾದ್ರೂ ನಗ್ತಾರೆ ಅಂತ.”

ನಾನು ಬಸ್ಸು ಹತ್ತಿದೆ. ಹಿಂತಿರುಗಿ ನೋಡಲಿಲ್ಲ.

ಈ ವರ್ಷ ನಮ್ಮ ಶಾಲೆಯವರು ಒಂಬತ್ತನೇ ಕ್ಲಾಸಿಗೆ ಅದೇ ಪುಸ್ತಕ ತರಿಸಿದರು. ನಮ್ಮ ಹಳೆಯ ಮೇಡಂ ಬರೆದದ್ದು ಅನ್ನುವ ಅಭಿಮಾನ. ಹೆಡ್‌ಮಾಸ್ಟರು, “ನಿಮ್ಮ ಶಿಷ್ಯೆ ಬರೆದಿರೋದು, ನೀವೇ ಪಾಠ ಮಾಡ್ಬೇಕು” ಅಂದರು. ನಾನು ಅವರಿಗೆ ಏನೂ ಹೇಳಲಿಲ್ಲ. ನೋಟ್‌ಬುಕ್ ಅವಳ ಹತ್ತಿರವೇ ಇದೆ, ನನ್ನ ಹತ್ತಿರ ಝೆರಾಕ್ಸ್ ಕೂಡ ಇಲ್ಲ. ಹೇಳಿದರೆ ಹೊಟ್ಟೆಕಿಚ್ಚಿನ ಮುದುಕಿ ಅಂತಾರೆ. ಹೀಗೆ ನನ್ನದೇ ವಾಕ್ಯಗಳನ್ನು ಬೇರೆಯವರ ಪುಸ್ತಕದಿಂದ ಓದಿ ಪಾಠ ಮಾಡುತ್ತಿದ್ದೇನೆ. ಅತ್ತೆ ಸೀಟಿನ ಮಧ್ಯೆ ಕೂತ ವಾಕ್ಯ ಬಂದಾಗ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ ಹಳೇ ಮಿಸ್ ಎಷ್ಟ್ ತಮಾಷೆಯಾಗ್ ಬರ್ದಿದಾರೆ ಮಿಸ್” ಅಂದ ಒಬ್ಬ. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ಆಲ್ರೆಡಿಯ ಪುಟ ಬಂದ ದಿನ, ಪೆನ್ಸಿಲ್ ತಗೊಳ್ಳಿ ಅಂದೆ. ಪುಟದ ನೆತ್ತಿಯಲ್ಲಿ ಖಾಲಿ ಜಾಗ ಇದೆ, ಅಲ್ಲಿ ಬರ್ಕೊಳ್ಳಿ. ‘ಜೀನು ಬಿಗಿದು ನಿಲ್ಲಿಸಿದರೆ ಆಲ್ ರೆಡಿ. ಓಡಿಹೋದ ಮೇಲೆ ಆಲ್ರೆಡಿ.’ ನಿಧಾನಕ್ಕೆ ಎರಡು ಸಲ ಹೇಳಿದೆ, ಒಂದು ಕಡೆ ಎರಡು ಎಲ್, ಇನ್ನೊಂದು ಕಡೆ ಒಂದು. ಐವತ್ತು ಪೆನ್ಸಿಲುಗಳು ಗೀಚಿದವು. ಈ ವರ್ಷದಲ್ಲಿ ಮೊದಲ ಸಲ ಯಾರೂ ಎಲ್ ತಪ್ಪಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಇದು ಯಾರ್ ಹೇಳಿರೋ ಮಾತು ಮಿಸ್? ನಿಮ್ದಾ?”

“ಅಲ್ಲ” ಅಂದೆ. “ರಟ್ಟಿನ ಮೇಲೆ ಹೆಸರಿದೆಯಲ್ಲ, ಅವರದ್ದು. ಇದೊಂದು ನಿಜವಾಗ್ಲೂ ಅವರದ್ದೇ.”